1978ರ ಚೆವಿ ಪಿಕಪ್‌ಗೆ ಮನೆಯಲ್ಲೇ ಫ್ಯುಯೆಲ್ ಇಂಜೆಕ್ಷನ್ ಕೂರಿಸುತ್ತಿದ್ದೇನೆ, ಅನುಭವ ಇದ್ದವರು ಸಲಹೆ ಕೊಡಿ

ಹಾಸನ_ಟು_ಡೆನ್ವರ್
ಏಪ್ರಿಲ್ 6

ಎಲ್ಲರಿಗೂ ನಮಸ್ಕಾರ. ಎರಡು ವರ್ಷದ ಹಿಂದೆ ಇಲ್ಲಿ ಕೊಲರಾಡೋದಲ್ಲಿ 1978ರ ಶೆವ್ರೊಲೆ ಸಿ10 ಪಿಕಪ್ ಕೊಂಡೆ. 350 ಎಂಜಿನ್, ಅಂದರೆ 5.7 ಲೀಟರಿನ ವಿ8. ಮೂರು ಸ್ಪೀಡಿನ ಆಟೋಮ್ಯಾಟಿಕ್ ಗೇರ್ ಬಾಕ್ಸ್. ಎಂಜಿನ್ ಮೇಲೆ ನಾಲ್ಕು ಬಾಯಿಯ ಕ್ವಾಡ್ರಾಜೆಟ್ ಕಾರ್ಬ್ಯುರೇಟರ್. ಗಾಡಿ ಗಟ್ಟಿಯಾಗಿದೆ. ಕಂಪ್ರೆಷನ್ ಎಂಟೂ ಸಿಲಿಂಡರಿನಲ್ಲಿ ಒಂದೇ ಸಮ ಇದೆ. ಆಯಿಲ್ ತಿನ್ನುವುದಿಲ್ಲ.

ತೊಂದರೆ ಇರುವುದು ಬೆಟ್ಟದಲ್ಲಿ. ಡೆನ್ವರ್ ಊರೇ 5280 ಅಡಿ ಎತ್ತರದಲ್ಲಿದೆ. ವಾರಾಂತ್ಯಕ್ಕೆ ಐ-70 ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೊರಟರೆ ಐಸೆನ್‌ಹೋವರ್ ಸುರಂಗ ಸಿಗುತ್ತದೆ, ಅದು 11,158 ಅಡಿ. ಅಂದರೆ ಒಂದೂವರೆ ಗಂಟೆಯೊಳಗೆ ಸುಮಾರು 1,800 ಮೀಟರ್ ಮೇಲೆ ಹತ್ತುತ್ತೇವೆ. ಮುಳ್ಳಯ್ಯನಗಿರಿಯ ತುದಿ ಕೂಡ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ ಅಷ್ಟೇ ಎತ್ತರ. ಊಹಿಸಿಕೊಳ್ಳಿ.

ಕಾರ್ಬ್ಯುರೇಟರನ್ನು ನಾನು ಡೆನ್ವರಿನಲ್ಲಿ ಕೂತು ಟ್ಯೂನ್ ಮಾಡಿದರೆ ಡೆನ್ವರಿಗೆ ಸರಿ. ಮೇಲೆ ಹೋದಂತೆ ಗಾಳಿ ತೆಳ್ಳಗಾಗುತ್ತದೆ, ಪೆಟ್ರೋಲು ಮಾತ್ರ ಅದಕ್ಕೆ ತಕ್ಕಂತೆ ಕಡಿಮೆ ಆಗುವುದಿಲ್ಲ. ಸುರಂಗದ ಹತ್ತಿರ ಬಂದಾಗ ಸೈಲೆನ್ಸರಿನಿಂದ ಕಪ್ಪು ಹೊಗೆ, ಪೆಟ್ರೋಲು ವಾಸನೆ. ಅಕ್ಸಿಲರೇಟರ್ ಒತ್ತಿದರೂ ಎಳೆತ ಇಲ್ಲ. ಮೇಲೆ ಊಟಕ್ಕೆ ನಿಲ್ಲಿಸಿ ಮತ್ತೆ ಸೆಲ್ಫ್ ಹೊಡೆದರೆ ಬೇಗ ಹತ್ತುವುದೂ ಇಲ್ಲ.

ಅದಕ್ಕೇ ಕಂಪ್ಯೂಟರ್ ಗಾಳಿ ಅಳೆದು ಅದಕ್ಕೆ ತಕ್ಕಷ್ಟೇ ಪೆಟ್ರೋಲು ಕೊಡುವ ಫ್ಯುಯೆಲ್ ಇಂಜೆಕ್ಷನ್ ಹಾಕಬೇಕು ಎಂದು ಮನಸ್ಸು ಮಾಡಿದ್ದೇನೆ. ಜನರಲ್ ಮೋಟರ್ಸ್‌ನವರು 1987ರಿಂದ 1995ರವರೆಗೆ ಇದೇ 350 ಎಂಜಿನ್ನಿಗೆ ಪಿಕಪ್‌ಗಳಲ್ಲಿ ಥ್ರಾಟಲ್ ಬಾಡಿ ಇಂಜೆಕ್ಷನ್ ಕೊಟ್ಟಿದ್ದರು. ಟಿಬಿಐ ಅಂತಾರೆ. ಕಾರ್ಬ್ಯುರೇಟರ್ ಇದ್ದ ಜಾಗದಲ್ಲೇ ಎರಡು ಇಂಜೆಕ್ಟರ್ ಕೂತು ಮೇಲಿಂದ ಪೆಟ್ರೋಲು ಸಿಂಪಡಿಸುತ್ತವೆ. ಅದನ್ನು ಗುಜರಿಯಿಂದ ತಂದು ಮನೆಯ ಗ್ಯಾರೇಜಿನಲ್ಲೇ ಕೂರಿಸುವ ಆಸೆ. ನನಗೆ ಸ್ಪ್ಯಾನರ್ ಕೆಲಸ ಬರುತ್ತದೆ. ವೈರಿಂಗ್ ಅಷ್ಟಾಗಿ ಬರುವುದಿಲ್ಲ. ಮಾಡಿದವರು ಯಾರಾದರೂ ಇದ್ದೀರಾ?

ಧಾರವಾಡ_ಟೆಕ್ಸಸ್
ಏಪ್ರಿಲ್ 6

ಅಣ್ಣಾರ, ಒಂದು ಮಾತು ಹೇಳತೀನಿ, ಸಿಟ್ಟಾಗಬ್ಯಾಡ್ರಿ. ಕ್ವಾಡ್ರಾಜೆಟ್ ಭಾಳ ಛಲೋ ಕಾರ್ಬ್ಯುರೇಟರ್. ಅದರ ಮುಂದಿನ ಎರಡು ಬಾಯಿ ಸಣ್ಣವು, ಹಾಗಾಗಿ ಮೆಲ್ಲಗೆ ಓಡಿಸಿದರೆ ಪೆಟ್ರೋಲು ಉಳಿಸುತ್ತದೆ. ಹಿಂದಿನ ಎರಡು ದೊಡ್ಡವು, ಪೂರ್ತಿ ಒತ್ತಿದಾಗ ತೆರೆಯುತ್ತವೆ. ಮೀಟರಿಂಗ್ ರಾಡ್, ಅಂದರೆ ಪೆಟ್ರೋಲಿನ ಅಳತೆ ನಿರ್ಧರಿಸುವ ಕಡ್ಡಿ, ಬದಲಿಸಿ ಎತ್ತರಕ್ಕೆ ಹೊಂದಿಸಬಹುದು. ನಾನು ಇಲ್ಲಿ ಡಲ್ಲಾಸ್ ಹತ್ತಿರ ಹದಿನೈದು ವರ್ಷದಿಂದ ಇದನ್ನೇ ಓಡಿಸುತ್ತಿದ್ದೇನೆ. ಒಮ್ಮೆಯೂ ದಾರಿಯಲ್ಲಿ ನಿಂತಿಲ್ಲ. ವೈರು, ಕಂಪ್ಯೂಟರು, ಪಂಪು ಇವೆಲ್ಲ ಕೆಟ್ಟರೆ ಕಾಡಿನಲ್ಲಿ ಯಾರನ್ನು ಕರೆಯುತ್ತೀರಿ? ಮೊದಲು ರಾಡ್ ಬದಲಿಸಿ ನೋಡ್ರಿ.

ಹಾಸನ_ಟು_ಡೆನ್ವರ್
ಏಪ್ರಿಲ್ 7

ಸಿಟ್ಟು ಯಾಕೆ ಸರ್, ನೀವು ಹೇಳಿದ್ದು ಸರಿಯೇ. ರಾಡ್ ಬದಲಿಸಿಯೂ ನೋಡಿದೆ. ಸುರಂಗಕ್ಕೆ ಸರಿಯಾಗುವ ಹಾಗೆ ಹೊಂದಿಸಿದರೆ ಕೆಳಗೆ ಡೆನ್ವರಿನಲ್ಲಿ ಪೆಟ್ರೋಲು ಸಾಲದೆ ತಡವರಿಸುತ್ತದೆ. ಡಲ್ಲಾಸ್ ನೆಲ ಸಪಾಟಾಗಿದೆ, ಒಂದು ಸಲ ಹೊಂದಿಸಿದರೆ ಆಯಿತು. ಒಂದೇ ದಿನದಲ್ಲಿ ಹತ್ತಿ ಇಳಿಯುವವರಿಗೆ ಎರಡೂ ಕಡೆ ಸರಿಯಾಗುವ ಒಂದೇ ಅಳತೆ ಇಲ್ಲ.

ಗುಜರಿ_ಗೆಳೆಯ
ಏಪ್ರಿಲ್ 7

ಒಹಾಯೊದಿಂದ ಬರೆಯುತ್ತಿದ್ದೇನೆ. ಇಂಥ ಮೂರು ಗಾಡಿ ಮಾಡಿದ್ದೇನೆ. ನನಗೆ ಗೊತ್ತಿರುವುದನ್ನೆಲ್ಲ ಹೇಳುತ್ತೇನೆ. ಸ್ವಲ್ಪ ಉದ್ದ ಆಗಬಹುದು, ಸಾವಕಾಶ ಓದಿ.

ಗುಜರಿಗೆ ಹೋದಾಗ ಒಂದೇ ಗಾಡಿಯಿಂದ ಎಲ್ಲವನ್ನೂ ಬಿಚ್ಚಿ. ಥ್ರಾಟಲ್ ಬಾಡಿ ಒಂದು ಕಡೆ, ಕಂಪ್ಯೂಟರ್ ಇನ್ನೊಂದು ಕಡೆ ತಂದರೆ ಕಂಪ್ಯೂಟರಿನೊಳಗೆ ಪೆಟ್ರೋಲಿನ ಲೆಕ್ಕ ಇರುವ ಚಿಪ್ ಥ್ರಾಟಲ್ ಬಾಡಿಗೆ ಹೊಂದುವುದಿಲ್ಲ. 5.7 ಲೀಟರಿನ ಪಿಕಪ್ ಹುಡುಕಿ. ಕಂಪ್ಯೂಟರ್ ಮೇಲೆ 1227747 ಎಂಬ ನಂಬರ್ ಇದ್ದರೆ ಅದನ್ನೇ ತನ್ನಿ. ಆ ಕಂಪ್ಯೂಟರಿನ ಬಗ್ಗೆ ಜನ ಕೆಲಸ ಮಾಡಿ ಮಾಡಿ ಎಲ್ಲವನ್ನೂ ಬಿಡಿಸಿ ಇಟ್ಟಿದ್ದಾರೆ. ಹಾರ್ನೆಸ್, ಅಂದರೆ ವೈರುಗಳ ಕಟ್ಟು, ಕತ್ತರಿಸಬೇಡಿ. ಎಷ್ಟೇ ಹೊತ್ತಾದರೂ ಸರಿ, ಕನೆಕ್ಟರ್ ಬಿಡಿಸಿ ಪೂರ್ತಿ ಹೊರಗೆ ತೆಗೆಯಿರಿ.

ಸಿಲಿಂಡರುಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡ್ ತರಲು ಹೋಗಬೇಡಿ. ಇಲ್ಲಿ ತುಂಬ ಜನ ಎಡವುತ್ತಾರೆ. 1987ರಿಂದ ಸಿಲಿಂಡರ್ ಹೆಡ್ಡಿನ ನಡುವಿನ ಬೋಲ್ಟುಗಳ ಕೋನ ಬದಲಾಯಿತು. ಹೊಸ ಮ್ಯಾನಿಫೋಲ್ಡ್ ನಿಮ್ಮ 1978ರ ಹೆಡ್ಡಿಗೆ ಹಾಗೇ ಕೂರುವುದಿಲ್ಲ. ನಿಮ್ಮ ಹಳೇ ಮ್ಯಾನಿಫೋಲ್ಡ್ ಉಳಿಸಿಕೊಂಡು, ಅದರ ಮೇಲೆ ಅಡಾಪ್ಟರ್ ಪ್ಲೇಟ್ ಹಾಕಿ, ಅದರ ಮೇಲೆ ಥ್ರಾಟಲ್ ಬಾಡಿ ಕೂರಿಸಿ. ಪ್ಲೇಟಿನ ಎರಡೂ ಕಡೆ ಗ್ಯಾಸ್ಕೆಟ್ ಸರಿಯಾಗಿರಲಿ. ಅಲ್ಲಿ ಗಾಳಿ ಸೋರಿದರೆ ಆಮೇಲೆ ಏನು ಟ್ಯೂನ್ ಮಾಡಿದರೂ ವ್ಯರ್ಥ.

ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಕೂಡ ಬದಲಾಗಬೇಕು. ನಿಮ್ಮದರಲ್ಲಿ ದೊಡ್ಡ ಕ್ಯಾಪ್, ಒಳಗೇ ಕಾಯಿಲ್, ಟೈಮಿಂಗ್ (ಕಿಡಿ ಹಾರುವ ಸಮಯ) ಮುಂದೆ ತಳ್ಳಲು ಸ್ಪ್ರಿಂಗ್, ತೂಕ, ವ್ಯಾಕ್ಯೂಮ್ ಡಬ್ಬಿ ಇವೆ. ಟಿಬಿಐಯದರಲ್ಲಿ ಇದಾವುದೂ ಇಲ್ಲ. ಸಣ್ಣ ಕ್ಯಾಪ್, ಎಂಟು ಪಿನ್ನಿನ ಮಾಡ್ಯೂಲ್, ಕಾಯಿಲ್ ಹೊರಗೆ. ಟೈಮಿಂಗ್ ಪೂರ್ತಿ ಕಂಪ್ಯೂಟರ್ ಕೈಯಲ್ಲಿ. ಹಾರ್ನೆಸ್ಸಿನಲ್ಲಿ ತಿಳಿ ಕಂದು ಬಣ್ಣದ ಮೇಲೆ ಕಪ್ಪು ಗೆರೆ ಇರುವ ಒಂಟಿ ವೈರಿನ ಕನೆಕ್ಟರ್ ಇರುತ್ತದೆ. ಅದನ್ನು ಬಿಚ್ಚಿ, ಟೈಮಿಂಗ್ ಲೈಟ್ ಹಿಡಿದು ಸರಿಯಾಗಿ 0 ಡಿಗ್ರಿಗೆ ನಿಲ್ಲಿಸಿ, ಮತ್ತೆ ಸಿಕ್ಕಿಸಿ. ಬಿಚ್ಚದೆ ಹೊಂದಿಸಿದರೆ ಟೈಮಿಂಗ್ ಎಲ್ಲೋ ಹೋಗಿ ಕೂರುತ್ತದೆ.

ಇನ್ನು ಪಂಪು. ನಿಮ್ಮ ಎಂಜಿನ್ ಪಕ್ಕದ ಮೆಕ್ಯಾನಿಕಲ್ ಪಂಪಿನ ಒತ್ತಡ ಇದಕ್ಕೆ ಸಾಲದು. ಟಿಬಿಐಗೆ 9ರಿಂದ 13 ಪಿಎಸ್‌ಐ ಬೇಕು, ಅದೂ ಒಂದೇ ಸಮ ಬರಬೇಕು. ಮಿಕ್ಕಿದ ಪೆಟ್ರೋಲು ಟ್ಯಾಂಕಿಗೆ ವಾಪಸ್ ಹೋಗಲು ಒಂದು ಲೈನ್ ಬೇಕು. ರಬ್ಬರ್ ಹೋಸ್ ತರುವಾಗ ಎಸ್‌ಎಇ 30ಆರ್9 ಎಂದು ಬರೆದಿರುವುದನ್ನೇ ತನ್ನಿ. ಕಾರ್ಬ್ಯುರೇಟರಿಗೆ ಹಾಕುವ 30ಆರ್7 ಬೇಡ. ಟ್ಯಾಂಕಿನ ಒಳಗೆ ಮುಳುಗಿರುವ ತುಂಡಿಗೆ 30ಆರ್10 ಬೇಕು, ಹೊರಗಿನದು ಒಳಗೆ ಬಾಳುವುದಿಲ್ಲ.

ಕೆಲಸ ಶುರು ಮಾಡುವ ಮುಂಚೆ ಬ್ಯಾಟರಿಯ ಅರ್ಥ್ ಬಿಚ್ಚಿ. ಪೆಟ್ರೋಲು ಬೆಂಕಿಗೆ ಆಗುವ ಎಕ್ಸ್‌ಟಿಂಗ್ವಿಷರ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ. ಅದರ ಹತ್ತಿರ ವೆಲ್ಡಿಂಗ್, ಗ್ರೈಂಡಿಂಗ್ ಬೇಡವೇ ಬೇಡ.

ಕ್ಯಾಲಿ_ಕನ್ನಡಿಗ
ಏಪ್ರಿಲ್ 9

ನನ್ನ ಹತ್ತಿರ 1984ರ ಸಿ10 ಇದೆ, ಸ್ಯಾನ್ ಹೊಸೆ. ನಾನೂ ಇದನ್ನೇ ಮಾಡಬಹುದಾ? ಅಥವಾ ಈಗ ಸಿಗುವ ಹೋಲಿ ಸ್ನೈಪರ್ ತರಹದ ಕಿಟ್ ತಂದು ಹಾಕಿದರೆ ಸುಲಭ ಅಲ್ವಾ? ಅದು ತಾನೇ ಕಲಿತುಕೊಳ್ಳುತ್ತದೆ ಅಂತಾರೆ.

ಗುಜರಿ_ಗೆಳೆಯ
ಏಪ್ರಿಲ್ 9

ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕಿಂತ ಹಳೇ ಗಾಡಿಗೆ ಮಾತ್ರ ಸ್ಮಾಗ್ ಪರೀಕ್ಷೆ, ಅಂದರೆ ಹೊಗೆ ತಪಾಸಣೆ, ಇಲ್ಲ. ನಿಮ್ಮದು 1984. ಹಾಕುವ ಭಾಗಕ್ಕೆ ಅಲ್ಲಿನ ವಾಯು ಸಂಪನ್ಮೂಲ ಮಂಡಳಿಯ ಅನುಮತಿ ನಂಬರ್ ಇರಬೇಕು. ಇಲ್ಲದಿದ್ದರೆ ಎಂಜಿನ್ ಎಷ್ಟು ಚೆನ್ನಾಗಿ ಓಡಿದರೂ ಪರೀಕ್ಷೆಯಲ್ಲಿ ಪಾಸ್ ಆಗುವುದಿಲ್ಲ. ದುಡ್ಡು ಕೊಡುವ ಮುಂಚೆ ನಿಮ್ಮ ಗಾಡಿಯ ವರ್ಷಕ್ಕೆ ಆ ನಂಬರ್ ಇದೆಯಾ ಎಂದು ನೋಡಿ.

ಕಿಟ್ ಒಳ್ಳೆಯದೇ. ಗುಜರಿ ಸಾಮಾನಿಗಿಂತ ದುಡ್ಡು ಜಾಸ್ತಿ, ತಲೆನೋವು ಕಡಿಮೆ. ಆದರೆ ಸ್ನೈಪರ್ ತರಹದವು 58 ಪಿಎಸ್‌ಐ ಸುಮಾರಿನಲ್ಲಿ ಓಡುತ್ತವೆ, ಪಂಪಿನ ಕೆಲಸ ಇನ್ನೂ ಗಟ್ಟಿಯಾಗಿರಬೇಕು. ತಾನೇ ಕಲಿಯುತ್ತದೆ ಅನ್ನುವುದು ನಿಜ. ಅದಕ್ಕೆ ಕಲಿಸುವುದು ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್. ಸೈಲೆನ್ಸರ್ ಪೈಪಿನಲ್ಲಿ ಸೋರಿಕೆ ಇದ್ದರೆ ತಪ್ಪನ್ನೇ ಕಲಿಯುತ್ತದೆ.

ಕಾಫಿ_ತೋಟದಿಂದ
ಏಪ್ರಿಲ್ 12

ಸಕಲೇಶಪುರದಿಂದ ನಮಸ್ಕಾರ. ಓದುತ್ತಾ ಓದುತ್ತಾ ನನ್ನ ಜಿಪ್ಸಿಯೇ ಕಣ್ಣ ಮುಂದೆ ಬಂತು. 1998ರ ಜಿಪ್ಸಿ ಕಿಂಗ್, 1.3 ಲೀಟರ್, ಕಾರ್ಬ್ಯುರೇಟರ್. ಹಿಂದಿನ ಸೀಟು ತೆಗೆದು ಪಿಕಪ್ ತರಹ ಗೊಬ್ಬರದ ಮೂಟೆ, ಕಾಫಿ ಚೀಲ ಹೊರುತ್ತೇನೆ. ನಮ್ಮದು ಅಷ್ಟೇನೂ ಎತ್ತರ ಅಲ್ಲ. ನನ್ನ ತೊಂದರೆ ಬೇರೆ. ಮಳೆಗಾಲದಲ್ಲಿ ಬೆಳಿಗ್ಗೆ ಚೋಕ್ ಎಳೆದು ಕಾಲು ಗಂಟೆ ಕಾಯಬೇಕು. ಇತ್ತೀಚೆಗೆ ಬಂಕಿನಲ್ಲಿ ಶೇಕಡ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲು ಬರುತ್ತಿದೆ. ಅದು ಬಂದ ಮೇಲೆ ಏರಿನಲ್ಲಿ ಮಿಸ್ಸಿಂಗ್ ಹೊಡೆಯುತ್ತದೆ. 2000ದ ನಂತರದ ಎಂಪಿಎಫ್‌ಐ (ಸಿಲಿಂಡರಿಗೊಂದು ಇಂಜೆಕ್ಟರ್ ಇರುವ) ಜಿಪ್ಸಿಯ ಮ್ಯಾನಿಫೋಲ್ಡ್ ತಂದು ಹಾಕಬಹುದಾ ಅಣ್ಣ?

ಸರ್ಕ್ಯೂಟ್_ಅಕ್ಕ
ಏಪ್ರಿಲ್ 12

ನಾನು ಬೆಂಗಳೂರಿನಲ್ಲಿ ಎಂಜಿನ್ ಕಂಟ್ರೋಲ್ ಎಲೆಕ್ಟ್ರಾನಿಕ್ಸ್ ಕೆಲಸದಲ್ಲಿದ್ದೇನೆ, ಇದಕ್ಕೆ ಉತ್ತರಿಸಬಲ್ಲೆ.

ಮ್ಯಾನಿಫೋಲ್ಡ್ ಮಾತ್ರ ತಂದರೆ ಆಗುವುದಿಲ್ಲ. ನಿಮ್ಮ ಎಂಜಿನ್ 8 ವಾಲ್ವಿನದು, ಎಂಪಿಎಫ್‌ಐ ಜಿಪ್ಸಿಯದು 16 ವಾಲ್ವಿನದು. ಹೆಡ್ಡೇ ಬೇರೆ. ಸುಝುಕಿಯವರೇ ಅಮೆರಿಕಕ್ಕೆ ಕಳಿಸಿದ ಸಮುರಾಯ್ ಜೀಪಿಗೆ 1990ರ ಸುಮಾರಿಗೆ 8 ವಾಲ್ವಿನ 1.3 ಎಂಜಿನ್ ಮೇಲೇ ಥ್ರಾಟಲ್ ಬಾಡಿ ಇಂಜೆಕ್ಷನ್ ಕೊಟ್ಟಿದ್ದರು. ಅಂದರೆ ನಿಮ್ಮ ಎಂಜಿನ್ನಿನಲ್ಲಿ ಅದು ಆಗುವ ಕೆಲಸವೇ.

ಇ20 ಬಗ್ಗೆ: ಶುದ್ಧ ಪೆಟ್ರೋಲು ಒಂದು ಕಿಲೋ ಸುಡಲು 14.7 ಕಿಲೋ ಗಾಳಿ ಬೇಕು. ಶುದ್ಧ ಎಥನಾಲಿಗೆ 9 ಕಿಲೋ ಸಾಕು. ಇ20ಗೆ ಸುಮಾರು 13.5. ನಿಮ್ಮ ಕಾರ್ಬ್ಯುರೇಟರಿನ ಜೆಟ್ ಹಳೇ ಪೆಟ್ರೋಲಿನ ಅಳತೆಯಲ್ಲೇ ಕೊಡುತ್ತಿದೆ. ಹಾಗಾಗಿ ಮಿಶ್ರಣ ತೆಳ್ಳಗಾಗಿ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲು ಸಾಲದೆ, ಏರಿನಲ್ಲಿ ಮಿಸ್ ಹೊಡೆಯುತ್ತಿರಬಹುದು. ಸದ್ಯಕ್ಕೆ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ ನೋಡಿ. ಹಳೇ ರಬ್ಬರ್ ಪೈಪುಗಳನ್ನು ಈಗಲೇ ಬದಲಿಸಿ, ಎಥನಾಲ್ ಅವನ್ನು ತಿನ್ನುತ್ತದೆ.

ಇನ್ನೊಂದು ಮುಖ್ಯ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿ ವಿವರ ಬದಲಾಗುವ ಹಾಗೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಎಂಜಿನ್ ಬದಲಿಸುವ ಯೋಚನೆ ಇದ್ದರೆ ಮೊದಲು ಆರ್‌ಟಿಓ ಕಚೇರಿಯಲ್ಲಿ ಲಿಖಿತ ಅನುಮತಿ ಕೇಳಿ.

ಕಾಫಿ_ತೋಟದಿಂದ
ಏಪ್ರಿಲ್ 12

ತುಂಬ ಉಪಕಾರ ಆಯಿತು ಮೇಡಂ. ಜೆಟ್ ಮತ್ತು ಪೈಪ್ ಈ ವಾರವೇ ಮಾಡಿಸುತ್ತೇನೆ.

ಹಾಸನ_ಟು_ಡೆನ್ವರ್
ಜೂನ್ 15

ಎರಡು ತಿಂಗಳು ಬರೆಯಲು ಆಗಲಿಲ್ಲ. ಕೆಲಸ ನಡೆಯುತ್ತಿತ್ತು.

ಗುಜರಿಯಲ್ಲಿ 1990ರ ಪಿಕಪ್ ಸಿಕ್ಕಿತು, 5.7 ಲೀಟರ್, ಕಂಪ್ಯೂಟರ್ ನಂಬರ್ ನೀವು ಹೇಳಿದ್ದೇ. ಹಾರ್ನೆಸ್ ಬಿಡಿಸಲು ಇಡೀ ಶನಿವಾರ ಹೋಯಿತು. ಮನೆಗೆ ತಂದು ನೆಲದ ಮೇಲೆ ಹಾಸಿ, ಒಂದೊಂದು ವೈರಿಗೂ ಬಿಳಿ ಟೇಪ್ ಅಂಟಿಸಿ ಕನ್ನಡದಲ್ಲಿ ಹೆಸರು ಬರೆದೆ. ಬೇಡದ ವೈರುಗಳನ್ನು, ಅಂದರೆ ಹೊಸ ಗೇರ್ ಬಾಕ್ಸಿನ ಲಾಕಪ್ ಮತ್ತು ಇಜಿಆರ್‌ನವನ್ನು (ಹೊಗೆಯನ್ನು ಮತ್ತೆ ಎಂಜಿನ್ನಿಗೆ ಕಳಿಸುವ ವಾಲ್ವಿನವನ್ನು) ತೆಗೆದೆ. ನಿಜ ಹೇಳಬೇಕೆಂದರೆ ಇದೇ ನನಗೆ ತುಂಬ ಖುಷಿ ಕೊಟ್ಟ ಕೆಲಸ. ರಾಶಿ ಬಿದ್ದ ಹಾವಿನಂತಿದ್ದ ವೈರು ಮೂರು ವಾರದಲ್ಲಿ ಕೈ ಗೆರೆಯಷ್ಟು ಪರಿಚಯವಾಯಿತು.

ಥ್ರಾಟಲ್ ಬಾಡಿ ತೊಳೆದು ಹೊಸ ಗ್ಯಾಸ್ಕೆಟ್ ಹಾಕಿದೆ. ಮೆಕ್ಯಾನಿಕಲ್ ಪಂಪ್ ತೆಗೆದು ಆ ತೂತಿಗೆ ಮುಚ್ಚಳ ಹಾಕಿದೆ. ಸೈಲೆನ್ಸರ್ ಪೈಪಿಗೆ ಆಕ್ಸಿಜನ್ ಸೆನ್ಸರ್ ತಿರುಗಿಸಿ ಕೂರಿಸುವ ನಟ್ಟು ವೆಲ್ಡ್ ಮಾಡಿಸಿದೆ. ಎಂಜಿನ್ನಿನಿಂದ ದೂರ ಇರುವುದರಿಂದ ಒಳಗೇ ಹೀಟರ್ ಇರುವ ಮೂರು ವೈರಿನ ಸೆನ್ಸರ್ ತಂದೆ. ಅದು 300 ಡಿಗ್ರಿ ಸೆಲ್ಸಿಯಸ್ ದಾಟದೆ ಕೆಲಸ ಮಾಡುವುದಿಲ್ಲವಲ್ಲ. ನೀರಿನ ಬಿಸಿ ಅಳೆಯುವ ಸೆನ್ಸರನ್ನು ಅಡುಗೆಮನೆಯಲ್ಲಿ ಪಾತ್ರೆಯ ನೀರಿಗೆ ಇಳಿಸಿ ಮೀಟರ್ ಹಿಡಿದು ನೋಡಿದೆ. 20 ಡಿಗ್ರಿಯಲ್ಲಿ 3500 ಓಮ್ ಸುಮಾರು ಬಂತು. ಡೆನ್ವರಿನಲ್ಲಿ ನೀರು 95 ಡಿಗ್ರಿಗೇ ಕುದಿಯುತ್ತದೆ, ಆಗ 200 ಓಮಿನ ಹತ್ತಿರ. ಸೆನ್ಸರ್ ಸರಿ ಇದೆ ಎಂದು ಧೈರ್ಯ ಬಂತು.

ನನ್ನ ಹಳೇ ಗೇರ್ ಬಾಕ್ಸಿನಲ್ಲಿ ವೇಗದ ಸೆನ್ಸರ್ ಇಲ್ಲ. ಸ್ಪೀಡೋಮೀಟರ್ ಕೇಬಲ್ ನಡುವೆ ಕೂರುವ, ಮೈಲಿಗೆ 2000 ಪಲ್ಸ್ ಕೊಡುವ ಸೆನ್ಸರ್ ತಂದು ಹಾಕಿದೆ. ಅದಿಲ್ಲದೆ ಹೋದರೆ ಸಿಗ್ನಲ್ಲಿನಲ್ಲಿ ನಿಲ್ಲಿಸಲು ಬಂದಾಗ ಎಂಜಿನ್ ಆಫ್ ಆಗಬಹುದು ಎಂದು ಓದಿದ್ದೆ.

ನಿನ್ನೆ ಸಂಜೆ ಕೀ ತಿರುಗಿಸಿದೆ. ಪಂಪು ಎರಡು ಸೆಕೆಂಡ್ ಗುಂಯ್ ಎಂದು ನಿಂತಿತು. ಸೆಲ್ಫ್ ಹೊಡೆದೆ. ಎರಡನೇ ಸುತ್ತಿಗೇ ಹತ್ತಿಕೊಂಡಿತು. ಚೋಕ್ ಇಲ್ಲ, ಕಾಲಲ್ಲಿ ಅಕ್ಸಿಲರೇಟರ್ ಪಂಪ್ ಮಾಡುವುದಿಲ್ಲ. ಹೆಂಡತಿ, ಮಗಳು ಹೊರಗೆ ಓಡಿ ಬಂದರು. ಟೈಮಿಂಗ್ 0ಗೆ ನಿಲ್ಲಿಸಿದೆ. ಡಯಾಗ್ನಾಸ್ಟಿಕ್ ಕನೆಕ್ಟರಿನ ಎ ಮತ್ತು ಬಿ ಪಿನ್ನಿಗೆ ಪೇಪರ್ ಕ್ಲಿಪ್ ಸಿಕ್ಕಿಸಿ ಕೀ ಆನ್ ಮಾಡಿದರೆ ಚೆಕ್ ಎಂಜಿನ್ ದೀಪ 12 ಎಂದು ಮೂರು ಸಲ ಮಿನುಗಿತು. ದೋಷ ಹೇಳುವ ಬೇರೆ ಕೋಡ್ ಯಾವುದೂ ಇಲ್ಲ.

ಗುಜರಿ_ಗೆಳೆಯ
ಜೂನ್ 15

ಶಭಾಷ್! ಪಂಪು ಎಲ್ಲಿ ಹಾಕಿದ್ದೀರಿ?

ಹಾಸನ_ಟು_ಡೆನ್ವರ್
ಜೂನ್ 15

ಚಾಸಿ ಪಟ್ಟಿಗೆ, ಹೊರಗೆ. ಟ್ಯಾಂಕ್ ಇಳಿಸುವುದು ಸದ್ಯಕ್ಕೆ ಬೇಡ ಎಂದುಕೊಂಡೆ.

ಗುಜರಿ_ಗೆಳೆಯ
ಜೂನ್ 15

ಅದು ಟ್ಯಾಂಕಿನ ತಳಕ್ಕಿಂತ ಕೆಳಗಿರಲಿ, ಸೈಲೆನ್ಸರಿನಿಂದ ದೂರ ಇರಲಿ. ಈ ಪಂಪುಗಳು ತಳ್ಳುವುದರಲ್ಲಿ ಗಟ್ಟಿ, ಎಳೆದುಕೊಳ್ಳುವುದರಲ್ಲಿ ದುರ್ಬಲ.

ಹಾಸನ_ಟು_ಡೆನ್ವರ್
ಆಗಸ್ಟ್ 10

ಗೆಳೆಯರೇ, ನೀವು ಹೇಳಿದ ಹಾಗೇ ಆಯಿತು. ನಿನ್ನೆ 35 ಡಿಗ್ರಿ ಬಿಸಿಲು. ಐ-70ರಲ್ಲಿ ಜಾರ್ಜ್‌ಟೌನ್ ದಾಟಿ ಏರು ಹತ್ತುತ್ತಿದ್ದೆ. ಪಂಪಿನ ಶಬ್ದ ಜೋರಾಯಿತು, ಎಂಜಿನ್ ಎಳೆಯುವುದು ಬಿಟ್ಟಿತು, ರಸ್ತೆ ಅಂಚಿಗೆ ಬಂದು ನಿಂತೆ. ಲೈನಿಗೆ ಗೇಜ್ ಹಾಕಿಟ್ಟಿದ್ದೆ. 12 ತೋರಿಸಬೇಕಾದದ್ದು 5 ತೋರಿಸುತ್ತಿತ್ತು. ಅರ್ಧ ಗಂಟೆ ತಣ್ಣಗಾದ ಮೇಲೆ ಮತ್ತೆ 12. ಮಗಳು ಜೊತೆಗಿದ್ದಳು. ಪಕ್ಕದಲ್ಲಿ ದೊಡ್ಡ ಟ್ರಕ್ಕುಗಳು ಹೋಗುವಾಗ ನನಗೆ ನಿಜಕ್ಕೂ ಭಯ ಆಯಿತು.

ಪಂಪಿನ ಜಾಗ ನೋಡಿದರೆ ಸೈಲೆನ್ಸರ್ ಪೈಪಿಗೆ ಒಂದು ಗೇಣು ದೂರ, ಟ್ಯಾಂಕಿನ ತಳಕ್ಕಿಂತ ಮೂರು ಬೆರಳು ಮೇಲೆ. ತಪ್ಪು ನನ್ನದೇ.

ಸರ್ಕ್ಯೂಟ್_ಅಕ್ಕ
ಆಗಸ್ಟ್ 10

ಮಗಳು ಹುಷಾರಾಗಿದ್ದಾಳಲ್ಲ, ಅದು ಮೊದಲು. ಆದದ್ದು ಇಷ್ಟು. ಪಂಪು ಎಳೆದುಕೊಳ್ಳುವ ಬದಿಯಲ್ಲಿ ಒತ್ತಡ ಕಡಿಮೆ ಆಗುತ್ತದೆ. ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡವೇ ಕಡಿಮೆ. ಜೊತೆಗೆ ಬಿಸಿಲು. ಡೆನ್ವರಿನಲ್ಲಿ ನೀರು 95ಕ್ಕೇ ಕುದಿಯಿತು ಎಂದು ನೀವೇ ಬರೆದಿದ್ದಿರಿ ಅಲ್ವಾ, ಪೆಟ್ರೋಲಿಗೂ ಅದೇ ನಿಯಮ. ಲೈನಿನೊಳಗೇ ಕುದಿದು ಆವಿಯಾಗುತ್ತದೆ. ಪಂಪಿಗೆ ಆವಿ ತಳ್ಳಲು ಬರುವುದಿಲ್ಲ. ಟ್ಯಾಂಕಿನ ಒಳಗೆ ಪಂಪ್ ಮುಳುಗಿದ್ದರೆ ಎಳೆದುಕೊಳ್ಳುವ ಉದ್ದ ಲೈನೇ ಇರುವುದಿಲ್ಲ, ಪೆಟ್ರೋಲು ಪಂಪನ್ನು ತಣ್ಣಗೂ ಇಡುತ್ತದೆ.

ಗುಜರಿ_ಗೆಳೆಯ
ಆಗಸ್ಟ್ 11

ನಿಮಗೆ ಒಂದು ಸುಲಭದ ದಾರಿ ಇದೆ. ನಿಮ್ಮ ಗಾಡಿಯ ಆಕಾರ 1973ರಿಂದ 1987ರವರೆಗೆ ಬಂತು. ಕೊನೆಯ ವರ್ಷ, 1987ರಲ್ಲಿ, ಅದೇ ಬಾಡಿಗೆ ಟಿಬಿಐ ಕೊಟ್ಟರು. ಆ ವರ್ಷದ ಟ್ಯಾಂಕಿನ ಒಳಗೇ ಪಂಪ್ ಇದೆ, ಪೆಟ್ರೋಲು ಒಂದು ಕಡೆ ಓಡದ ಹಾಗೆ ತಡೆಗೋಡೆಯೂ ಇದೆ. ಅದನ್ನು ಹುಡುಕಿ. ಪಟ್ಟಿ, ತುಂಬಿಸುವ ಪೈಪು ಸ್ವಲ್ಪ ಹೊಂದಿಸಿಕೊಳ್ಳಬೇಕಾಗಬಹುದು. ಜೊತೆಗೆ ಹಳೇ ಫೋರ್ಡ್ ಗಾಡಿಯಿಂದ ಇನರ್ಶಿಯಾ ಸ್ವಿಚ್ ಬಿಚ್ಚಿ ತನ್ನಿ. ಅಪಘಾತದಲ್ಲಿ ಗುದ್ದಿದ ಕ್ಷಣ ಅದು ಪಂಪಿನ ಕರೆಂಟ್ ಕಡಿಯುತ್ತದೆ. ಮಗಳನ್ನು ಕೂರಿಸಿಕೊಂಡು ಓಡಾಡುವ ಗಾಡಿಗೆ ಅದು ಬೇಕೇ ಬೇಕು.

ಹಾಸನ_ಟು_ಡೆನ್ವರ್
ಸೆಪ್ಟೆಂಬರ್ 2

1987ರ ಟ್ಯಾಂಕ್ ಸಿಕ್ಕಿತು, ಹಾಕಿದೆ. ಸ್ವಿಚ್ಚೂ ಹಾಕಿದೆ. ಪಂಪಿನ ಶಬ್ದ ಈಗ ಕೇಳುವುದೇ ಇಲ್ಲ. ಮೊನ್ನೆ ಬಿಸಿಲಿನಲ್ಲಿ ಅದೇ ಏರು ಹತ್ತಿದೆ, ಗೇಜ್ 12ರಿಂದ ಅಲ್ಲಾಡಲಿಲ್ಲ.

ಹಾಸನ_ಟು_ಡೆನ್ವರ್
ಅಕ್ಟೋಬರ್ 19

ಹೊಸ ತೊಂದರೆ. ಇದು ನನ್ನ ತಲೆಗೆ ಹೋಗುತ್ತಿಲ್ಲ, ದಯವಿಟ್ಟು ನೋಡಿ.

ಹಗಲು ಚೆನ್ನಾಗಿ ಓಡುತ್ತದೆ. ರಾತ್ರಿ ಪೆಟ್ರೋಲು ವಾಸನೆ, ಸ್ಲೋನಲ್ಲಿ ಗಡಗಡ. ಚಳಿ ಕಾರಣ ಎಂದುಕೊಂಡೆ. ಆದರೆ ಚಳಿ ಇದ್ದ ಒಂದು ಬೆಳಿಗ್ಗೆ ಏನೂ ಆಗಲಿಲ್ಲ. ಪ್ಲಗ್ ಬಿಚ್ಚಿದರೆ ಎಂಟೂ ಮಸಿ ಕಪ್ಪು. ಹಾಗಿದ್ದೂ ಕೋಡ್ ಬಂದಿರುವುದು 44, ಅಂದರೆ ಮಿಶ್ರಣ ತೆಳ್ಳಗಿದೆ ಎಂದು! ಲ್ಯಾಪ್‌ಟಾಪ್ ಸಿಕ್ಕಿಸಿ ನೋಡಿದೆ. ಪೆಟ್ರೋಲು ತಿದ್ದುವ ಸಂಖ್ಯೆ 128 ಇರಬೇಕಾದದ್ದು ಮೇಲೆ ಮೇಲೆ ಏರಿ 150 ದಾಟಿದೆ. ಕಂಪ್ಯೂಟರ್ ಇನ್ನೂ ಸುರಿಯುತ್ತಲೇ ಇದೆ. ಆಕ್ಸಿಜನ್ ಸೆನ್ಸರ್ ಕೆಟ್ಟಿದೆ ಎಂದು ಹೊಸದು ಹಾಕಿದೆ. ಅದೇ ಕಥೆ.

ಧಾರವಾಡ_ಟೆಕ್ಸಸ್
ಅಕ್ಟೋಬರ್ 19

ಇಂಜೆಕ್ಟರ್ ಸೋರುತ್ತಿರಬಹುದೇನ್ರಿ?

ಗುಜರಿ_ಗೆಳೆಯ
ಅಕ್ಟೋಬರ್ 19

ಇಂಜೆಕ್ಟರ್ ಸೋರಿದರೆ ಸಂಖ್ಯೆ 128ಕ್ಕಿಂತ ಕೆಳಗೆ ಇಳಿಯಬೇಕು, ಕೋಡ್ 45 ಬರಬೇಕು. ಇಲ್ಲಿ ಉಲ್ಟಾ. ಸೈಲೆನ್ಸರ್ ಜಾಯಿಂಟಿನಲ್ಲಿ ಗಾಳಿ ಒಳಗೆ ಹೋಗುತ್ತಿದೆಯಾ? ಹಾಗಾದರೂ ಸೆನ್ಸರಿಗೆ ತೆಳ್ಳಗೆ ಕಾಣುತ್ತದೆ. ಆದರೆ ರಾತ್ರಿ ಮಾತ್ರ ಯಾಕೆ ಅನ್ನುವುದು ನನಗೂ ಗೊತ್ತಾಗುತ್ತಿಲ್ಲ.

ಸರ್ಕ್ಯೂಟ್_ಅಕ್ಕ
ಅಕ್ಟೋಬರ್ 20

ರಾತ್ರಿ ಏನೇನು ಆನ್ ಮಾಡುತ್ತೀರಿ? ಹೆಡ್‌ಲೈಟ್, ಹೀಟರ್ ಫ್ಯಾನ್. ಹಗಲು ಇವು ಇರುವುದಿಲ್ಲ. ಕಂಪ್ಯೂಟರಿನ ಅರ್ಥ್ ವೈರುಗಳನ್ನು ಎಲ್ಲಿಗೆ ಕಟ್ಟಿದ್ದೀರಿ, ಹೇಳಿ.

ಹಾಸನ_ಟು_ಡೆನ್ವರ್
ಅಕ್ಟೋಬರ್ 20

ಎಲ್ಲವನ್ನೂ ಸೇರಿಸಿ ಕ್ಯಾಬಿನ್ ಒಳಗೆ, ಡ್ಯಾಶ್ ಕೆಳಗಿನ ತಗಡಿಗೆ ಒಂದೇ ಬೋಲ್ಟಿನಲ್ಲಿ. ನೀಟಾಗಿ ಕಾಣಲಿ ಎಂದು.

ಸರ್ಕ್ಯೂಟ್_ಅಕ್ಕ
ಅಕ್ಟೋಬರ್ 20

ಅಲ್ಲೇ ಇದೆ ಅನ್ನಿಸುತ್ತದೆ. ವಿವರಿಸುತ್ತೇನೆ, ನಿಧಾನವಾಗಿ ಓದಿ.

ಆಕ್ಸಿಜನ್ ಸೆನ್ಸರ್ ಕೊಡುವುದು ತೀರಾ ಸಣ್ಣ ವೋಲ್ಟೇಜು. ತೆಳ್ಳಗಿದ್ದರೆ 0.1, ದಪ್ಪಗಿದ್ದರೆ 0.9, ನಡುವಿನ ಗೆರೆ 0.45. ಈ ಅಳತೆ ಶುರುವಾಗುವುದು ಸೈಲೆನ್ಸರ್ ಪೈಪಿನಿಂದ, ಅಂದರೆ ಎಂಜಿನ್ ಮೈಯಿಂದ. ನಿಮ್ಮ ಕಂಪ್ಯೂಟರ್ ಅಳೆಯುವುದು ಕ್ಯಾಬಿನ್ ತಗಡಿನಿಂದ. ಬ್ಯಾಟರಿಯ ನೆಗೆಟಿವ್ ಎಂಜಿನ್ನಿಗೆ ಕಟ್ಟಿರುತ್ತದೆ. ಹೆಡ್‌ಲೈಟ್, ಫ್ಯಾನು, ಪಂಪು ಇವುಗಳ ಕರೆಂಟೆಲ್ಲ ತಗಡಿಗೆ ಬಂದು, ಅಲ್ಲಿಂದ ಎಂಜಿನ್ನಿಗೆ ಹೋಗಿ, ಬ್ಯಾಟರಿ ಸೇರಬೇಕು. 1978ರ ಗಾಡಿಯಲ್ಲಿ ತಗಡಿನಿಂದ ಎಂಜಿನ್ನಿಗೆ ಹೋಗುವ ಪಟ್ಟಿ ತುಕ್ಕು ಹಿಡಿದಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ಆಗ ತಗಡು ಎಂಜಿನ್ನಿಗಿಂತ 0.3, 0.4 ವೋಲ್ಟ್ ಮೇಲೆ ನಿಲ್ಲುತ್ತದೆ. ಸೆನ್ಸರ್ 0.8 ಎಂದು ಕೂಗಿದರೂ ಕಂಪ್ಯೂಟರಿಗೆ 0.4 ಕೇಳಿಸುತ್ತದೆ. ತೆಳ್ಳಗಿದೆ ಎಂದುಕೊಂಡು ಇನ್ನಷ್ಟು ಸುರಿಯುತ್ತದೆ.

ಪರೀಕ್ಷೆ ಸುಲಭ. ಎಂಜಿನ್ ಓಡುತ್ತಿರಲಿ. ಮೀಟರಿನ ಕಪ್ಪು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಕೆಂಪು ಕಡ್ಡಿ ನಿಮ್ಮ ಆ ಅರ್ಥ್ ಬೋಲ್ಟಿಗೆ. ಮೊದಲು ಎಲ್ಲ ಆಫ್ ಮಾಡಿ ಓದಿ. ಆಮೇಲೆ ಹೆಡ್‌ಲೈಟ್, ಆಮೇಲೆ ಫ್ಯಾನ್ ಹಾಕಿ ಓದಿ.

ಹಾಸನ_ಟು_ಡೆನ್ವರ್
ಅಕ್ಟೋಬರ್ 21

ಅಕ್ಕ, ನಿಮಗೆ ಹೇಗೆ ಧನ್ಯವಾದ ಹೇಳಲಿ! ಎಲ್ಲ ಆಫ್ ಇದ್ದಾಗ 0.07. ಹೆಡ್‌ಲೈಟ್ ಹಾಕಿದರೆ 0.22. ಫ್ಯಾನ್ ಪೂರ್ತಿ ತಿರುಗಿಸಿದರೆ 0.38. ಎಂಜಿನ್ ಹಿಂದೆ ತಗಡಿಗೆ ಹೋಗುವ ಪಟ್ಟಿ ನೋಡಿದೆ. ಹೆಣೆದ ತಾಮ್ರದ ಎಳೆಗಳಲ್ಲಿ ನಾಲ್ಕೈದು ಮಾತ್ರ ಉಳಿದಿದ್ದವು.

ಹಾರ್ನೆಸ್ಸಿನಲ್ಲಿ ತಿಳಿ ಕಂದು ಬಣ್ಣದ ಒಂದು ವೈರ್ ಇತ್ತು, ಆಕ್ಸಿಜನ್ ಸೆನ್ಸರಿನ ಅರ್ಥ್. ನಾನೇ ಅದನ್ನೂ ಉಳಿದವುಗಳ ಜೊತೆ ತಗಡಿಗೆ ಕಟ್ಟಿದ್ದೆ. ಗುಜರಿ ಗಾಡಿಯಲ್ಲಿ ಅದು ಎಂಜಿನ್ನಿಗೇ ಹೋಗಿತ್ತು ಎಂದು ಈಗ ಹಳೇ ಫೋಟೋ ನೋಡಿದಾಗ ಗೊತ್ತಾಯಿತು. ಎಲ್ಲ ಅರ್ಥುಗಳನ್ನೂ ಥರ್ಮೋಸ್ಟಾಟ್ ಹತ್ತಿರದ ಸ್ಟಡ್ಡಿಗೆ, ಪೇಂಟ್ ಕೆರೆದು ಕಟ್ಟಿದೆ. ಎರಡು ಹೊಸ ಪಟ್ಟಿ ಹಾಕಿದೆ. ಈಗ ಎಲ್ಲ ಆನ್ ಮಾಡಿದರೂ 0.02. ರಾತ್ರಿ ಇಪ್ಪತ್ತು ಮೈಲಿ ಓಡಿಸಿ ಬಂದೆ, ಸಂಖ್ಯೆ 126, 129, 127. ವಾಸನೆ ಇಲ್ಲ.

ಗುಜರಿ_ಗೆಳೆಯ
ಅಕ್ಟೋಬರ್ 21

ಮೂರು ಗಾಡಿ ಮಾಡಿದ ನನಗೂ ಇದು ಹೊಸ ಪಾಠ. ನನ್ನ ಮೂರರಲ್ಲೂ ಅರ್ಥ್ ಎಂಜಿನ್ನಿಗೇ ಕಟ್ಟಿದ್ದೆ, ಯಾಕೆ ಎಂದು ಯೋಚಿಸಿರಲಿಲ್ಲ. ಮೇಡಂ, ನಿಮ್ಮ ಆ ಪೋಸ್ಟನ್ನು ಪ್ರಿಂಟ್ ತೆಗೆದು ಗ್ಯಾರೇಜಿನ ಗೋಡೆಗೆ ಅಂಟಿಸಿದ್ದೇನೆ.

ಹಾಸನ_ಟು_ಡೆನ್ವರ್
ನವೆಂಬರ್ 8

ನಿನ್ನೆ ಸುರಂಗದವರೆಗೆ ಹೋಗಿ ಬಂದೆವು. ಲ್ಯಾಪ್‌ಟಾಪ್ ಮಗಳ ತೊಡೆಯ ಮೇಲೆ. ಮನೆಯಲ್ಲಿ ಕೀ ಆನ್ ಮಾಡಿದಾಗ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ 83 ಕಿಲೋಪಾಸ್ಕಲ್ ತೋರಿಸಿತು. ಸುರಂಗದ ಹತ್ತಿರ ನಿಲ್ಲಿಸಿ ಮತ್ತೆ ಕೀ ಹಾಕಿದಾಗ 67. ಗಾಳಿ ಅಷ್ಟು ಕಡಿಮೆಯಾಗಿದ್ದು ಕಂಪ್ಯೂಟರಿಗೆ ಗೊತ್ತು, ಅಷ್ಟೇ ಪೆಟ್ರೋಲು ಕಡಿಮೆ ಕೊಟ್ಟಿತು. ಕಪ್ಪು ಹೊಗೆ ಇಲ್ಲ. ಎಂಜಿನ್ನಿನ ಶಕ್ತಿ ಎತ್ತರದಲ್ಲಿ ಕಡಿಮೆ ಆಗುವುದು ಆಗುತ್ತದೆ, ಗಾಳಿಯೇ ಇಲ್ಲದಿದ್ದರೆ ಇಂಜೆಕ್ಷನ್ ಏನು ಮಾಡೀತು. ಆದರೆ ಒತ್ತಿದ ಕೂಡಲೇ ನಯವಾಗಿ ಎಳೆಯುತ್ತದೆ. ಮೇಲೆ ಒಂದು ಗಂಟೆ ನಿಲ್ಲಿಸಿ ಸೆಲ್ಫ್ ಹೊಡೆದರೆ ಒಂದೇ ಸಲಕ್ಕೆ ಹತ್ತಿತು. ಮೈಲೇಜು ಗ್ಯಾಲನ್ನಿಗೆ 11ರಿಂದ ಸುಮಾರು 13 ಮೈಲಿಗೆ ಬಂದಿದೆ.

ಕಾಫಿ_ತೋಟದಿಂದ
ನವೆಂಬರ್ 9

ಓದಿ ಮನಸ್ಸು ತುಂಬಿತು ಅಣ್ಣ. ನನ್ನ ಜಿಪ್ಸಿಗೆ ಅಕ್ಕ ಹೇಳಿದಂತೆ ಜೆಟ್ ಬದಲಿಸಿದೆ, ಏರಿನ ಮಿಸ್ಸಿಂಗ್ ಹೋಯಿತು. ನಿನ್ನೆ ಇದನ್ನೆಲ್ಲ ಓದಿದ ಮೇಲೆ ನನ್ನದರಲ್ಲೂ ಅರ್ಥ್ ಅಳೆದೆ. ಲೈಟ್ ಹಾಕಿದರೆ 0.6 ಬಂತು. ನಮ್ಮ ಮಳೆಗೆ ಪಟ್ಟಿ ಪುಡಿಪುಡಿಯಾಗಿತ್ತು. ಬದಲಿಸಿದೆ. ಹೆಡ್‌ಲೈಟ್ ಇಷ್ಟು ಬೆಳಕು ಕೊಡುತ್ತದೆ ಎಂದು ಗೊತ್ತೇ ಇರಲಿಲ್ಲ.

ಧಾರವಾಡ_ಟೆಕ್ಸಸ್
ನವೆಂಬರ್ 9

ಅಣ್ಣಾರ, ನಾನು ಕಾರ್ಬ್ಯುರೇಟರ್ ಬಿಡೂದಿಲ್ಲ. ಆದರೆ ನನ್ನ ತಮ್ಮ ನ್ಯೂ ಮೆಕ್ಸಿಕೋ ಬೆಟ್ಟದಾಗ ಅದೇ 1979ರ ಗಾಡಿ ಇಟ್ಟಾನ. ಅವನಿಗೆ ನಿಮ್ಮ ಕಂಪ್ಯೂಟರ್ ಚಿಪ್ಪಿನಾಗ ಇರೋ ಲೆಕ್ಕದ ಫೈಲ್ ಕೊಡತೀರೇನ್ರಿ?

ಹಾಸನ_ಟು_ಡೆನ್ವರ್
ನವೆಂಬರ್ 9

ಖಂಡಿತ ಸರ್, ಈಗಲೇ ಮೆಸೇಜಿನಲ್ಲಿ ಕಳಿಸಿದ್ದೇನೆ. ನನ್ನದು ಆಟೋಮ್ಯಾಟಿಕ್. ತಮ್ಮನದು ಕ್ಲಚ್ ಇರುವ ಗಾಡಿ ಆದರೆ ಪಾರ್ಕ್-ನ್ಯೂಟ್ರಲ್ ಸ್ವಿಚ್ಚಿನ ವೈರ್ ಬೇರೆ ತರಹ ಕಟ್ಟಬೇಕು, ನನ್ನ ಫೈಲನ್ನು ಹಾಗೇ ಹಾಕಬೇಡಿ ಎಂದು ಹೇಳಿ. ಫೈಲನ್ನು ಚಿಪ್ಪಿಗೆ ಬರೆಯುವ ಮುಂಚೆ ಅವರು ಅರ್ಥ್ ಅಳೆದು ಸಂಖ್ಯೆ ಇಲ್ಲಿ ಹಾಕಲಿ, ಅಕ್ಕ ನೋಡುತ್ತಾರೆ.

ಸರ್ಕ್ಯೂಟ್_ಅಕ್ಕ
ನವೆಂಬರ್ 9

ನೋಡುತ್ತೇನೆ. ಹೆಡ್‌ಲೈಟ್, ಫ್ಯಾನ್ ಎರಡೂ ಆನ್ ಮಾಡಿ ಅಳೆಯಲು ಹೇಳಿ.